ಮೂರು ಗುಂಡಿಗೆ 7,500 ರೂಪಾಯಿ: ದ್ರಾಕ್ಷಿ ಬೇರು ನೋಡಿಸಿದ್ದು ವಸೂಲಾಯಿತಾ?

ಇದು ಗೊಬ್ಬರದ ವಿಮರ್ಶೆ ಅಲ್ಲ, ಔಷಧಿಯದ್ದೂ ಅಲ್ಲ. ದುಡ್ಡು ಕೊಟ್ಟು ತೋಟದಲ್ಲಿ ಗುಂಡಿ ತೋಡಿಸಿ, ಬಳ್ಳಿಯ ಬೇರು ಎಲ್ಲೆಲ್ಲಿದೆ ಅಂತ ನೋಡಿಸಿಕೊಂಡೆ. ಆ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟದ ಕಡೆಗಿರುವ ನಮ್ಮ ಹಳ್ಳಿಗಳಲ್ಲಿ ಒಬ್ಬ ಹುಡುಗ ಮಿನಿ ಹಿಟಾಚಿ ಇಟ್ಟುಕೊಂಡು ಈ ಕೆಲಸ ಮಾಡುತ್ತಾನೆ. ತೋಟಗಾರಿಕೆ ಡಿಪ್ಲೊಮಾ ಓದಿದ್ದಾನೆ. ಬರೀತೀನಪ್ಪ ಅಂದಿದ್ದಕ್ಕೆ, "ಹೆಸರು, ನಂಬರ್ ಹಾಕ್ಬೇಡಿ ಅಕ್ಕ, ಇರೋ ಕೆಲಸಕ್ಕೇ ಟೈಮ್ ಸಾಕಾಗ್ತಿಲ್ಲ" ಅಂದ. ಹಾಕಿಲ್ಲ. ಬೈಯೋದೂ ಸ್ವಲ್ಪ ಇದೆ, ಹಾಗಾಗಿ ಅದೇ ಒಳ್ಳೇದಾಯಿತು.

ಸುಮ್ನೆ ಇದ್ದ ತೋಟಕ್ಕೆ ಯಾಕೆ ಗುಂಡಿ ಅಂದರೆ, ಏಪ್ರಿಲ್‌ನಲ್ಲಿ ನಮ್ಮ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. 1,200 ಅಡಿಯಿಂದ ಮೇಲೆತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ 9 ದಿನ ಕಳೆಯಿತು. ನಾಲ್ಕು ವರ್ಷದ ಶರದ್ ತಳಿಯ ದ್ರಾಕ್ಷಿ ತೋಟದ ಎಲೆ ಐದನೇ ದಿನಕ್ಕೇ ಮುದುರಿತು. ಎಳೆಯ ತೋಟ, ಇರಲಿ ಅಂದುಕೊಂಡೆ. ಏಳನೇ ದಿನ ನೋಡಿದರೆ ಮಾವ 1994ರಲ್ಲಿ ನೆಟ್ಟ ಬೆಂಗಳೂರು ಬ್ಲೂ ದ್ರಾಕ್ಷಿ ಕೂಡ ತಲೆ ಬಗ್ಗಿಸಿತ್ತು. ಮಾವನಿಗೆ ನಂಬೋಕೇ ಆಗಲಿಲ್ಲ. "ಇಪ್ಪತ್ತು ದಿನ ನೀರಿಲ್ದೆ ನಿಂತಿತ್ತಮ್ಮ ಈ ತೋಟ, ಕಾಲುವೇಲಿ ನೀರು ಕಟ್ತಿದ್ದಾಗ. ಈಗೇನು ಬಂತು ಇದಕ್ಕೆ?"

ನನ್ನ ಲೆಕ್ಕವೂ ಅದೇ ಆಗಿತ್ತು. ತೋಟಕ್ಕೆ ವಯಸ್ಸಾದ ಹಾಗೆ ಬೇರು ಆಳಕ್ಕೆ ಹೋಗುತ್ತೆ, ಹಳೇ ತೋಟದ ಚಿಂತೆ ಬೇಡ. ಹಾಗಿದ್ದ ಮೇಲೆ ಮೂವತ್ತು ವರ್ಷ ದಾಟಿದ ಬಳ್ಳಿ ಏಳು ದಿನಕ್ಕೆ ಯಾಕೆ ಬಾಡಬೇಕು? ಔಷಧಿ ಅಂಗಡಿಯಲ್ಲಿ ಕೇಳಿದರೆ, ಬೇರು ಬರೋಕೆ ಅಂತ ಮಾರುವ ಹ್ಯೂಮಿಕ್ ಆಸಿಡ್ ಕೊಟ್ಟರು. ಪಕ್ಕದ ತೋಟದವರು ಈ ಹುಡುಗನ ನಂಬರ್ ಕೊಟ್ಟರು.

ರೇಟ್ ಮಾತಾಡಿದ್ದು 6,500 ರೂಪಾಯಿ. ಗಂಟೆಗೆ 1,200ರ ಹಾಗೆ ನಾಲ್ಕು ಗಂಟೆ ಮೆಷಿನ್, ಗಾಡಿ ತಂದು ಒಯ್ಯೋಕೆ 700, ಬೇರು ಎಣಿಸಿ ಹೇಳೋಕೆ 1,000. ಜೂನ್ ಮೊದಲ ವಾರ, ಎರಡು ಹದ ಮಳೆ ಬಿದ್ದ ಮೇಲೆ ಬಾ ಅಂದೆ. ಬೆಳಗ್ಗೆ ಏಳಕ್ಕೆ ಅಂದವನು ಹತ್ತಕ್ಕೆ ಬಂದ. ನಾನು ಕರೆಸಿದ್ದ ಇಬ್ಬರು ಕೂಲಿಯವರು ಅಷ್ಟು ಹೊತ್ತು ಟೀ ಕುಡಿದುಕೊಂಡು ಕೂತಿದ್ದರು.

ಆದರೆ ಕೆಲಸ ಗೊತ್ತಿರೋ ಹುಡುಗ. ಸಾಲಿಗೆ ಅಡ್ಡವಾಗಿ, ಬುಡದಿಂದ ಒಂದಡಿ ಬಿಟ್ಟು, ಎರಡು ಸಾಲಿನ ನಡುವಿನವರೆಗೆ ಉದ್ದಕ್ಕೆ ತೋಡುತ್ತಾನೆ. ಬಳ್ಳಿಯ ಒಂದೇ ಪಕ್ಕಕ್ಕೆ, ಎರಡೂ ಪಕ್ಕ ಮುಟ್ಟುವುದಿಲ್ಲ. ಐದಡಿ ಆಳ. ಮಣ್ಣು ಜರಿಯದ ಹಾಗೆ ಒಂದು ಕಡೆ ಮೆಟ್ಟಿಲು ಬಿಡುತ್ತಾನೆ. ಆಮೇಲೆ ಗುಂಡಿಯ ಗೋಡೆಯನ್ನು ಗಾರೆಯವರ ಕರಣೆಯಲ್ಲಿ ನಯವಾಗಿ ಹೆರೆದು, ಬ್ಯಾಟರಿ ಸ್ಪ್ರೇಯರ್‌ನಲ್ಲಿ ನೀರು ಹೊಡೆಯುತ್ತಾನೆ. ಮಣ್ಣು ಕರಗಿ ಇಳಿದ ಹಾಗೆ ಬೇರು ಮೀಸೆಯ ಕೂದಲಿನ ತರ ಹೊರಗೆ ನಿಲ್ಲುತ್ತೆ. ಆಗ ಒಂದು ಮೀಟರ್ ಚೌಕದ ಮರದ ಫ್ರೇಮ್ ತಂದು ಗೋಡೆಗೆ ಒರಗಿಸುತ್ತಾನೆ. ಅದರಲ್ಲಿ 10 ಸೆಂಟಿಮೀಟರ್‌ಗೆ ಒಂದರಂತೆ ನೈಲಾನ್ ದಾರ ಕಟ್ಟಿದೆ, ಒಟ್ಟು ನೂರು ಮನೆ, ಚೌಕಾಬಾರ ಹಾಸಿದ ಹಾಗೆ. ಬೆರಳಿಗಿಂತ ದಪ್ಪ ಬೇರಿಗೆ ಕೆಂಪು ಗುಂಡುಸೂಜಿ, ಪೆನ್ಸಿಲ್ ಗಾತ್ರಕ್ಕೆ ಹಳದಿ, ಕೂದಲ ಬೇರಿಗೆ ಬಿಳಿ. ಎಲ್ಲ ಚುಚ್ಚಿದ ಮೇಲೆ ಮೊಬೈಲ್‌ನಲ್ಲಿ ಫೋಟೊ. ಬಳ್ಳಿ ಎಲ್ಲಿ ನೀರು ಕುಡಿಯುತ್ತೆ ಅನ್ನೋದು ಬಿಳಿ ಸೂಜಿ ನೋಡಿದರೇ ಗೊತ್ತಾಗುತ್ತೆ.

ಮೊದಲ ಗುಂಡಿ ನಾಲ್ಕು ವರ್ಷದ ಶರದ್‌ಗೆ. ಇದು ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟಿದ್ದು. ಡಾಗ್‌ರಿಡ್ಜ್ ಮೂಲ ಅಮೆರಿಕದ ಟೆಕ್ಸಾಸ್ ಕಡೆಯ ಕಾಡು ದ್ರಾಕ್ಷಿ. 1860ರ ದಶಕದಿಂದ ಫಿಲಾಕ್ಸೆರಾ ಅನ್ನೋ ಬೇರು ಹೀರುವ ಹುಳ ಫ್ರಾನ್ಸಿನ ತೋಟಗಳನ್ನು ನುಂಗುತ್ತಾ ಬಂದಾಗ, ಅಲ್ಲಿಯವರು ಅಮೆರಿಕದ ಬೇರಿಗೆ ತಮ್ಮ ಬಳ್ಳಿ ಕಸಿ ಕಟ್ಟಿ ಬಚಾವಾದರು. ನಮ್ಮಲ್ಲಿ ಕಸಿ ಕಟ್ಟಿಸೋದು ಆ ಹುಳಕ್ಕೆ ಹೆದರಿ ಅಲ್ಲ. ನೀರು ಕಮ್ಮಿ, ಇರೋ ನೀರಲ್ಲಿ ಉಪ್ಪು ಜಾಸ್ತಿ, ಅದಕ್ಕೆ. ಸಸಿ ಕೊಟ್ಟವರು "ಬೇರು ಪಾತಾಳಕ್ಕೆ ಇಳಿಯುತ್ತೆ ಮೇಡಂ" ಅಂದಿದ್ದರು.

ಗುಂಡಿಯಲ್ಲಿ ಪಾತಾಳ ಎರಡೂವರೆ ಅಡಿಗೆ ಮುಗಿದಿತ್ತು. ನೆಡುವಾಗ ಎರಡಡಿ ಅಗಲ, ಎರಡೂವರೆ ಅಡಿ ಆಳ ಟ್ರೆಂಚ್ ಹೊಡೆಸಿ, ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು ತುಂಬಿಸಿದ್ದೆ. ಬಿಳಿ ಸೂಜಿ ಎಲ್ಲ ಅದರೊಳಗೇ. ಟ್ರೆಂಚಿನ ಅಂಚಿಗೆ ಬಂದ ಬೇರು ಗೋಡೆಗೆ ಮುಟ್ಟಿ, ತಿರುಗಿ, ಸಾಲಿನ ಉದ್ದಕ್ಕೇ ಓಡಿದೆ. ಕುಂಡದಲ್ಲಿ ಬೆಳೆಸಿದ ಗಿಡ ಕಿತ್ತರೆ ಬೇರು ಸುತ್ತಿಕೊಂಡಿರುತ್ತಲ್ವಾ, ಹಾಗೆ. ಕರಣೆಯಿಂದ ಆ ಅಂಚನ್ನು ಕೆರೆದು ತೋರಿಸಿದ. ಗಾರೆ ಮೆತ್ತಿದ ಹಾಗೆ ನುಣ್ಣಗೆ ಹೊಳೆಯಿತು. "ಮಳೆಗಾಲದಲ್ಲಿ ಹೊಡೆಸಿದ್ರಾ ಅಕ್ಕ?" ಹೌದು, ಹಸಿ ಮಣ್ಣಲ್ಲೇ ಜೆಸಿಬಿ ಹೊಡೆಸಿದ್ದೆ, ಡ್ರೈವರ್ ಅವತ್ತೇ ಸಿಕ್ಕಿದ ಅಂತ. ಬಕೆಟ್ ಉಜ್ಜಿ ಗೋಡೆ ಮುಚ್ಚಿಹೋಗಿದೆ. ಎರಡೇ ಎರಡು ಬೇರು ಬಿರುಕು ಹುಡುಕಿಕೊಂಡು ಕೆಳಗಿನ ಗರಸಿಗೆ, ಅಂದರೆ ಗಟ್ಟಿ ಕಲ್ಲುಮಣ್ಣಿಗೆ ಇಳಿದಿದ್ದವು. ಡಾಗ್‌ರಿಡ್ಜ್ ತಪ್ಪು ಏನಿಲ್ಲ, ಕುಂಡ ಮಾಡಿಕೊಟ್ಟವಳು ನಾನೇ.

ಇನ್ನೊಂದು ವಿಷಯ ಇಲ್ಲೇ ಕಲಿತೆ. ದ್ರಾಕ್ಷಿಗೆ ತಾಯಿಬೇರು ಇಲ್ಲ. ನಾವು ನೆಡೋದು ಬೀಜ ಅಲ್ಲ, ಕಡ್ಡಿ. ಆ ಕಡ್ಡಿಯ ಗಿಣ್ಣಿಂದ ನಾಲ್ಕಾರು ಬೇರು ಒಡೆದು, ಅವೇ ದಪ್ಪ ಆಗುತ್ತಾ ಹೋಗುತ್ತವೆ. ಮೊದಲ ಮೂರ್ನಾಲ್ಕು ವರ್ಷದಲ್ಲಿ ಈ ದಪ್ಪ ಬೇರುಗಳು ಯಾವ ಕಡೆ ಹೋದವೋ ಅದೇ ಕೊನೆತನಕದ ಚೌಕಟ್ಟು. ಆಮೇಲೆ ಹೊಸದಾಗಿ ದಪ್ಪ ಬೇರು ಹುಟ್ಟೋದು ತೀರಾ ಕಮ್ಮಿ. ಬದಲಾಗುತ್ತಾ ಇರೋದು ತುದಿಯ ಕೂದಲ ಬೇರು ಮಾತ್ರ. ಬಿಳಿ ಬೇರು ಕೆಲವೇ ವಾರದಲ್ಲಿ ಕಂದು ಆಗುತ್ತೆ, ಎಷ್ಟೋ ಸತ್ತೂ ಹೋಗುತ್ತವೆ, ಮತ್ತೆ ಹೊಸದು ಬರುತ್ತವೆ. ನೀರು, ಗಾಳಿ, ಗೊಬ್ಬರ ಎಲ್ಲಿದೆಯೋ ಅಲ್ಲಿ.

ಇಷ್ಟು ಕೇಳಿದ ಮೇಲೆ ಹಳೇ ತೋಟದ ಗುಟ್ಟು ಅರ್ಧ ಹೊಳೆದಿತ್ತು. ಆದರೆ ಅವನು ಕ್ರಮ ಬಿಡಲಿಲ್ಲ, ಎರಡನೇ ಗುಂಡಿಗೇ ಹೋದ.

ಅದು ಹನ್ನೆರಡು ವರ್ಷದ ದಿಲ್‌ಖುಷ್ ತಳಿ, ಕಸಿ ಕಟ್ಟದ ಸ್ವಂತ ಬೇರಿನದು. ಇಲ್ಲಿ ಬೇರು ಸಾಲಿನ ನಡುವೆ ದಾಟಿ ಆ ಕಡೆ ಸಾಲಿನ ಬೇರಿನ ಜೊತೆ ಹೆಣೆದುಕೊಂಡಿತ್ತು. ಯಾವುದು ಯಾರ ಮನೆಯದು ಅಂತ ಹೇಳೋಕೆ ಆಗಲ್ಲ. ಬಿಳಿ ಸೂಜಿ ಜಾಸ್ತಿ ಬಿದ್ದದ್ದು ಎರಡನೇ ಅಡಿಯಲ್ಲಿ. ಮೇಲಿನ ಎಂಟು ಇಂಚು ಟ್ರಾಕ್ಟರ್ ಓಡಾಡೋ ಜಾಗದಲ್ಲಿ ಖಾಲಿ, ರೋಟವೇಟರ್ ಕೊಚ್ಚಿ ಹಾಕಿದೆ. ಅದರ ಕೆಳಗೆ ಒಂದು ಗಟ್ಟಿ ಪದರ, ಪಿಕಾಸಿ ಹೊಡೆದರೆ ಟಣ್ ಅನ್ನುತ್ತೆ. ಅಲ್ಲಲ್ಲಿ ಬೇರಿನ ಮೇಲೆ ಸಾಸಿವೆ ಪೋಣಿಸಿದ ಹಾಗೆ ಗಂಟು, ಬೇರಿಗೆ ಹತ್ತುವ ಜಂತುಹುಳದ್ದು (ನೆಮಟೋಡ್). ವರ್ಷಕ್ಕೆ ನಾಲ್ಕು ಸಲ ರೋಟವೇಟರ್ ಹೊಡೆಸೋದು ನಿಲ್ಲಿಸಿ ಅಂದ. ನಮ್ಮ ಮನೆಯವರಿಗೆ ಟ್ರಾಕ್ಟರ್ ಮೇಲೆ ಪ್ರೀತಿ ಜಾಸ್ತಿ. ಅದನ್ನು ಅವರಿಗೆ ನೀನೇ ಹೇಳಪ್ಪ ಅಂದೆ.

ಮೂರನೇ ಗುಂಡಿಯಲ್ಲೇ ಜಗಳ ಆಗಿದ್ದು, ಕಣ್ಣು ತೆರೆದದ್ದೂ ಅಲ್ಲೇ. ಬೆಂಗಳೂರು ಬ್ಲೂ ನಮ್ಮ ಕಡೆಯ ಹಳೇ ಬೆಳೆ. 2013ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಕೂಡ ಬಂತು. ಕಲ್ಲುಕೂಚದ ಮೇಲೆ ತಂತಿ ಎಳೆದು ಚಪ್ಪರ ಹಾಕಿರುತ್ತೆ, ಎತ್ತರ ಆರೂವರೆ ಅಡಿ. ಮೆಷಿನ್ನಿನ ಟಾಪ್ ಬಿಚ್ಚಿದರೂ ಅದರ ತೋಡೋ ಕೈ (ಬೂಮ್) ಎತ್ತೋ ಹಾಗಿಲ್ಲ. ಮೊದಲ ಸಲಕ್ಕೇ ಒಂದು ತಂತಿ ಪಟ್ ಅಂತ ಹೋಯಿತು. ಇನ್ನೊಂದು ಸಲಕ್ಕೆ ಡ್ರಿಪ್ಪಿನ 16 ಎಂಎಂ ಪೈಪ್ ಕಿತ್ತು ಬಂತು. ಸಾಕಪ್ಪ ನಿನ್ನ ಮೆಷಿನ್ನು ಅಂತ ನಿಲ್ಲಿಸಿ, ನಮ್ಮ ಕೂಲಿಯವರ ಕೈಗೆ ಗುದ್ದಲಿ, ಪಿಕಾಸಿ ಕೊಟ್ಟೆ. ಅವರಿಗೆ ಮೇಲಿನ 1,000 ಯಾರು ಕೊಡಬೇಕು? ಚಪ್ಪರದ ತೋಟ ಅಂತ ಮೊದಲೇ ಹೇಳಿದ್ದೆನಲ್ಲಾ ಅಂತ ನಾನು. ಇಷ್ಟು ಗಿಡ್ಡ ಅಂತ ಹೇಳಲಿಲ್ಲ ಅಂತ ಅವನು. ಕೊನೆಗೆ ನಾನೇ ಕೊಟ್ಟೆ. ಹಾಗೆ 7,500 ಆಗಿದ್ದು.

ಅಷ್ಟರಲ್ಲಿ ಇನ್ನೊಂದು ಎಡವಟ್ಟು. ಮಣಿಕಟ್ಟಿನಷ್ಟು ದಪ್ಪದ ಒಂದು ಬೇರು ಅಡ್ಡ ಬಂತು. ಕೇಳದೆ ಕಡಿದೇಬಿಟ್ಟ. ಮಾವ ಗುಂಡಿಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. "ಅಯ್ಯೋ" ಅಂದರು ಅಷ್ಟೆ. ಆ ತುಂಡನ್ನು ಕೈಗೆ ತೆಗೆದುಕೊಂಡರು. ನಾನೂ ನೋಡಿದೆ. ಕಡಿದ ಮುಖದ ತುಂಬಾ ಸಣ್ಣ ಸಣ್ಣ ತೂತು, ಜೇನುಗೂಡಿನ ಹಾಗೆ. ದ್ರಾಕ್ಷಿ ನೀರು ಎಳೆಯೋದು ಆ ಕೊಳವೆಗಳಲ್ಲಿ. ಬುಡದ ಕಡೆ ತುದಿ ಹಸಿಯಾಗಿತ್ತು, ಕೈಗೆ ತಣ್ಣಗೆ ಹತ್ತಿತು. ಸಾಲಿನ ನಡುವಿನ ಕಡೆ ತುದಿ ಹಿಂಡಿದರೆ ಸಿಪ್ಪೆ ಕಳಚಿ ಬಂತು. ಒಳಗೆ ಗೆದ್ದಲು ಮಣ್ಣು.

ಗೋಡೆ ಹೆರೆದು ನೀರು ಹೊಡೆದ ಮೇಲೆ ಎಲ್ಲ ಕಂಡಿತು. ದಪ್ಪ ಬೇರು ಬುಡದಿಂದ ಏಳೆಂಟು ಅಡಿ ದೂರದವರೆಗೆ ಹೋಗಿವೆ. ಅದು ಮಾವನ ಕಾಲದ್ದು. ಅವರು ಮೂರಡಿ ಗುಂಡಿ ತೋಡಿ ಕಡ್ಡಿ ನೆಟ್ಟು, ಸಾಲಿನ ನಡುವೆ ಕಾಲುವೆ ಹೊಡೆದು ನೀರು ಕಟ್ಟುತ್ತಿದ್ದರು. ನೀರು ಅಗಲಕ್ಕೆ ಸಿಕ್ಕಿತು, ಬೇರು ಅಗಲಕ್ಕೆ ಹೋಯಿತು. ಆದರೆ ಆ ದೂರದ ಬೇರುಗಳ ಮೇಲೆ ಕೂದಲ ಬೇರೇ ಇಲ್ಲ. ಒಂದು ಬಿಳಿ ಸೂಜಿ ಚುಚ್ಚೋಕೂ ಜಾಗ ಸಿಗಲಿಲ್ಲ ಅವನಿಗೆ. ಕೆಲವು ಬದುಕಿವೆ, ಬೋಳು ಹಗ್ಗದ ಹಾಗೆ ಮಲಗಿವೆ. ಕೆಲವು ಸತ್ತಿವೆ. ಬಿಳಿ ಸೂಜಿಯ ಗುಂಪು ಇದ್ದದ್ದು ಒಂದೇ ಕಡೆ, ಡ್ರಿಪ್ಪರ್ ಕೆಳಗೆ. ಒಂದೂವರೆ ಅಡಿ ಅಗಲ, ಎರಡಡಿ ಆಳ. ನಮ್ಮದು ಕೆಂಪು ಮರಳು ಮಿಶ್ರ ಮಣ್ಣು. ಹನಿ ನೀರು ಪಕ್ಕಕ್ಕೆ ಹರಡಲ್ಲ, ನೆಟ್ಟಗೆ ಕೆಳಗಿಳಿಯುತ್ತೆ. ಕರಿ ಎರೆ ಮಣ್ಣಾಗಿದ್ದರೆ ಇನ್ನೂ ಸ್ವಲ್ಪ ಅಗಲ ಸಿಗುತ್ತಿತ್ತೇನೋ.

ಡ್ರಿಪ್ ಹಾಕಿಸಿದ್ದು 2007ರಲ್ಲಿ. ಹಾಕಿಸಿದ್ದು ನಾನು. ಬುಡಕ್ಕೆ ಒಂದು ಲ್ಯಾಟರಲ್ (ಸಾಲಿನುದ್ದಕ್ಕೆ ಎಳೆಯುವ ಡ್ರಿಪ್ ಪೈಪ್), ಬಳ್ಳಿಗೆ ಎರಡು ಡ್ರಿಪ್ಪರ್, ನೀರು ಅರ್ಧ ಉಳಿಯಿತು ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಉಳಿದದ್ದು ನಿಜ. ಆದರೆ ನಡುವಿನ ಮಣ್ಣು ಒಣಗಿತು, ಅಲ್ಲಿದ್ದ ಕೂದಲ ಬೇರು ವರ್ಷ ವರ್ಷ ಸಾಯುತ್ತಾ ಬಂತು. ಮೂವತ್ತು ವರ್ಷದ ಬಳ್ಳಿ ಈಗ ಕುಡಿಯುತ್ತಿರೋದು ನಾಲ್ಕು ವರ್ಷದ ಬಳ್ಳಿಯಷ್ಟೇ ಜಾಗದಲ್ಲಿ. ಮೋಟಾರ್ ಸುಟ್ಟಾಗ ಎರಡೂ ಒಟ್ಟಿಗೆ ಬಾಡಿದ್ದು ಅದಕ್ಕೆ. ಮಾವ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅನಿಸಿತು.

ಒಂದು ಸಮಾಧಾನ, ನಾಲ್ಕೂವರೆ ಅಡಿಯಲ್ಲಿ ಹೆಬ್ಬೆರಳು ಗಾತ್ರದ ಒಂದು ಬೇರು ಇನ್ನೂ ಕೆಳಗೆ ಹೋಗುತ್ತಿತ್ತು. ಗರಸಿನ ನಡುವೆ ಯಾವುದೋ ಹಳೇ ಬೇರು ಕೊಳೆತು ಬಿಟ್ಟುಹೋದ ಕಪ್ಪು ಕೊಳವೆ, ಅದರೊಳಗೇ ದಾರಿ ಮಾಡಿಕೊಂಡಿದೆ. ಮಣ್ಣು ಬಿಟ್ಟುಕೊಟ್ಟರೆ ದ್ರಾಕ್ಷಿ ಬೇರು ಇಪ್ಪತ್ತು ಅಡಿಯೂ ಇಳಿಯುತ್ತಂತೆ. ಆದರೆ ಹೆಚ್ಚಿನ ಬೇರು ಇರೋದು ಮೇಲಿನ ಮೂರಡಿಯಲ್ಲೇ.

ಇನ್ನೊಂದು ಬೇರು ಸಿಕ್ಕಿತು, ಮೂರಡಿಯಲ್ಲಿ, ಕೆಂಪು ಸಿಪ್ಪೆಯದು. ಕಡಿದರೆ ಗಟ್ಟಿ, ತೂತು ಕಾಣಲ್ಲ. "ಇದು ನಿಮ್ಮದಲ್ಲ ಅಕ್ಕ" ಅಂದ. ಬೇಲಿಯಾಚೆ ಮೂವತ್ತು ಅಡಿ ದೂರದಲ್ಲಿ ನೀಲಗಿರಿ ಸಾಲಿದೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದು ನಿಲ್ಲಿಸಿತು, ಆದರೆ ನೆಟ್ಟಿದ್ದು ಅಲ್ಲೇ ಇದೆಯಲ್ಲಾ. ನಮ್ಮ ಡ್ರಿಪ್ ನೀರಿಗೆ ಪಾಲುದಾರರಿದ್ದಾರೆ ಅಂತ ಅವತ್ತು ಗೊತ್ತಾಯಿತು.

ಈಗ ಸೇವೆಯ ಲೆಕ್ಕ. ತೋಡೋದು, ಹೆರೆಯೋದು, ಎಣಿಸೋದು, ವಿವರಿಸೋದು ಎಲ್ಲ ಒಳ್ಳೇ ಅಚ್ಚುಕಟ್ಟು. ಗೋಡೆ ಮುಂದೆ ನಿಲ್ಲಿಸಿ, ನಮ್ಮ ಕೈಯಲ್ಲೇ ಬೇರು ಮುಟ್ಟಿಸಿ ಹೇಳುತ್ತಾನೆ. ಪ್ರಶ್ನೆ ಕೇಳಿದರೆ ಸಿಡುಕಲ್ಲ. ರಿಪೋರ್ಟ್ ಅಂತ ಬಂದದ್ದು ಮಾತ್ರ ನೋಟ್‌ಬುಕ್ ಹಾಳೆಯ ಫೋಟೊ, ವಾಟ್ಸಾಪ್‌ನಲ್ಲಿ, ಅದೂ ನಾಲ್ಕು ಸಲ ಫೋನ್ ಮಾಡಿದ ಮೇಲೆ. ಅಕ್ಷರ ಓದೋಕೆ ಮಗಳನ್ನು ಕರೆಯಬೇಕಾಯಿತು.

ಗುಂಡಿ ಮುಚ್ಚೋದರಲ್ಲಿ ತೀರಾ ಅವಸರ. ಮೇಲ್ಮಣ್ಣು ಒಂದು ಕಡೆ, ಗರಸು ಒಂದು ಕಡೆ ಬೇರೆಬೇರೆ ಗುಡ್ಡೆ ಹಾಕಿದವನೇ ಅವನು. ಮುಚ್ಚುವಾಗ ಹೊತ್ತು ಮುಳುಗಿತು ಅಂತ ಎಲ್ಲ ಕಲಸಿ ತಳ್ಳಿಬಿಟ್ಟ. ಶರದ್ ತೋಟದ ಗುಂಡಿಯ ಮೇಲೆ ಈಗಲೂ ಗರಸು ಬಿಳಿಚಿಕೊಂಡು ಕಾಣುತ್ತೆ, ಹುಲ್ಲೂ ಬಂದಿಲ್ಲ. ಹೋಗುವಾಗ ಬ್ಯಾಗಿಂದ ಹ್ಯೂಮಿಕ್ ಡಬ್ಬ ತೆಗೆದ ನೋಡಿ, ಅಲ್ಲಿ ನನಗೆ ಸಿಟ್ಟು ಬಂತು. ಬೆಳಗಿಂದ ಜಾಗ ಕೊಡಿ, ನೀರು ಕೊಡಿ, ಗಾಳಿ ಕೊಡಿ ಅಂತ ಪಾಠ ಮಾಡಿದವನೇ ಡಬ್ಬ ಮಾರೋಕೆ ನಿಂತರೆ ಹೇಗೆ? "ಕಂಪನಿಯವರು ಕೊಟ್ಟಿರ್ತಾರೆ ಅಕ್ಕ, ಬೇಡ ಅಂದ್ರೆ ಬಿಡಿ" ಅಂತ ಒಳಗಿಟ್ಟ. ಐದಕ್ಕೆ ನಾಲ್ಕು ಕೊಡಬೇಕು ಅಂದುಕೊಂಡಿದ್ದೆ, ಮೂರೂವರೆಗೆ ನಿಲ್ಲಿಸುತ್ತೇನೆ. ಆದರೂ ಕರೆಸಿ ಅಂತಲೇ ಹೇಳುತ್ತೇನೆ. ಎರಡು ಸ್ಪ್ರೇ ಔಷಧಿಯ ದುಡ್ಡು ಅಷ್ಟೆ ಇದು.

ಕರೆಸೋರಿಗೆ ಒಂದೆರಡು ಮಾತು. ಹಣ್ಣು ಕುಯ್ದಾದ ಮೇಲೆ, ಮಣ್ಣು ಹದವಾಗಿದ್ದಾಗ ತೋಡಿಸಿ. ಒಣಗಿದ್ದರೆ ಗೋಡೆ ಉದುರುತ್ತೆ, ಕೆಸರಾಗಿದ್ದರೆ ನನ್ನ ಟ್ರೆಂಚಿನ ಗತಿಯೇ. ಲ್ಯಾಟರಲ್ ಬಿಚ್ಚಿ ಸುತ್ತಿಡಿ. ಚಪ್ಪರ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಅಳೆದು ಹೇಳಿ. ಮಕ್ಕಳನ್ನು ಗುಂಡಿ ಹತ್ತಿರ ಬಿಡಬೇಡಿ, ರಾತ್ರಿ ತೆರೆದು ಇಡಲೂ ಬೇಡಿ. ದಪ್ಪ ಬೇರು ಕಂಡರೆ ಕಡಿಯೋ ಮುಂಚೆ ನನ್ನನ್ನು ಕೇಳು ಅಂತ ಮೊದಲೇ ಹೇಳಿಡಿ. ಮತ್ತೆ ಒಂದೇ ತೋಟ ಇದ್ದವರು ಪಕ್ಕದವರ ಜೊತೆ ಸೇರಿ, ಬೇರೆಬೇರೆ ವಯಸ್ಸಿನ ತೋಟದಲ್ಲಿ ಒಂದೊಂದು ತೋಡಿಸಿ. ಗಾಡಿ ಬಾಡಿಗೆ ಉಳಿಯುತ್ತೆ. ಅದಕ್ಕಿಂತ, ನನಗೆ ಹಳೇ ತೋಟದ ಗುಂಡಿ ಒಂದನ್ನೇ ತೋರಿಸಿದ್ದರೆ ವಯಸ್ಸಾಯಿತು ಬಿಡು ಅಂತ ಸುಮ್ಮನಾಗುತ್ತಿದ್ದೆ. ಎಳೆಯದನ್ನು ನೋಡಿ ಬಂದಿದ್ದಕ್ಕೇ ಎರಡೂ ಒಂದೇ ಕಾಯಿಲೆ ಅಂತ ಗೊತ್ತಾಗಿದ್ದು.

ಗುಂಡಿ ಮುಚ್ಚಿದ ವಾರವೇ ಹಳೇ ತೋಟದಲ್ಲಿ ಎರಡನೇ ಲ್ಯಾಟರಲ್ ಎಳೆಸಿದೆ. ಹಳೇದನ್ನು ತೆಗೆದಿಲ್ಲ, ಇರೋ ಬೇರು ಸತ್ತರೆ ಕಷ್ಟ. ಹೊಸದನ್ನು ಬುಡದಿಂದ ಎರಡಡಿ ಆಚೆ ಇಟ್ಟು, ಎರಡು ತಿಂಗಳಿಗೊಮ್ಮೆ ಅರ್ಧ ಅಡಿ ದೂರ ಸರಿಸುತ್ತಿದ್ದೇನೆ. ದಿನಾ ಸ್ವಲ್ಪ ಸ್ವಲ್ಪ ಬಿಡೋ ಬದಲು ಮೂರು ದಿನಕ್ಕೊಮ್ಮೆ ಜಾಸ್ತಿ ಹೊತ್ತು ನೀರು. ಗೊಬ್ಬರವೂ ಬುಡಕ್ಕೆ ಇಲ್ಲ, ಆ ಸಾಲಿಗೇ, ಮೇಲೆ ಕಬ್ಬಿನ ತರಗು. ಶರದ್ ತೋಟದಲ್ಲಿ ಟ್ರೆಂಚಿನ ಗೋಡೆಯನ್ನು ಒಂದು ಪಕ್ಕ ಮಾತ್ರ, ಎರಡು ಬಳ್ಳಿಯ ನಡುವೆ ಅಲ್ಲಲ್ಲಿ ಪಿಕಾಸಿಯಲ್ಲಿ ಒಡೆಸಿದೆ. ಇನ್ನೊಂದು ಪಕ್ಕ ಮುಂದಿನ ವರ್ಷ. ನೀಲಗಿರಿ ಕಡೆ ಬೇಲಿ ಗುಂಟ ಮೂರಡಿ ಆಳದ ಕಾಲುವೆ ತೆಗೆಸಬೇಕು, ಅದಿನ್ನೂ ಆಗಿಲ್ಲ. ದಿಲ್‌ಖುಷ್ ತೋಟದಲ್ಲಿ ರೋಟವೇಟರ್ ಓಡುತ್ತಲೇ ಇದೆ.

ಮೊನ್ನೆ ಹೊಸ ಲ್ಯಾಟರಲ್ ಕೆಳಗೆ ತರಗು ಸರಿಸಿ, ಕೈಯಲ್ಲೇ ಒಂದು ಗೇಣು ಮಣ್ಣು ಕೆದಕಿದೆ. ಎಂಟ್ಹತ್ತು ಬಿಳಿ ತುದಿ ಇದ್ದವು, ಹೆಸರುಕಾಳಿನ ಮೊಳಕೆಯ ಹಾಗೆ. ಮಾವನನ್ನು ಕರೆದು ತೋರಿಸಿದೆ. "ಮುಚ್ಚಮ್ಮ, ಬಿಸಿಲು ಬೀಳುತ್ತೆ" ಅಂದರು.

ಮುಂದಿನ ಜೂನ್‌ಗೆ ಹುಡುಗನಿಗೆ ಮತ್ತೆ ಹೇಳಿದ್ದೇನೆ. ಒಂದೇ ಗುಂಡಿ, ಹಳೇ ತೋಟದ ಇನ್ನೊಂದು ಪಕ್ಕ. ಮೆಷಿನ್ ಬೇಡ, ಫ್ರೇಮು, ಸೂಜಿ ತಗೊಂಡು ಬಾ, ತೋಡೋಕೆ ನಮ್ಮವರೇ ಇದ್ದಾರೆ, ಗಾಡಿ ಬಾಡಿಗೆ 700 ಬಿಟ್ಟು ರೇಟ್ ಹೇಳು ಅಂದೆ. "ನೋಡಿ ಹೇಳ್ತೀನಿ ಅಕ್ಕ" ಅಂದವನು ಇನ್ನೂ ಹೇಳಿಲ್ಲ.